ಗೂಟಕ್ಕೆ ತೂಗಿದ ಚೀಲ

ಯಲಬುರ್ಗಾ ತಾಲ್ಲೂಕಿನ ನಮ್ಮ ಹಳ್ಳಿಮನೆಯಲ್ಲಿ, ಪಡಸಾಲೆಯ ಬಾಗಿಲ ಹಿಂದೆ, ಒಂದು ಗೂಟವಿದೆ. ಅಪ್ಪ ಇದ್ದಾಗ ಅದಕ್ಕೆ ಅವನ ರುಮಾಲು ತೂಗುತ್ತಿತ್ತು. ಆಮೇಲೆ ಒಂದು ಕೊಡೆ ಬಂತು, ಮಳೆ ಬಾರದ ನಾಡಿನಲ್ಲಿ ತನಗೇನು ಕೆಲಸ ಅಂದುಕೊಂಡಿತೋ ಏನೋ, ಯಾರೋ ಒಯ್ದವರು ಮರಳಿ ತರಲಿಲ್ಲ. ಈಗ ಇಪ್ಪತ್ತು ವರ್ಷಗಳಿಂದ ಅಲ್ಲಿ ತೂಗುತ್ತಿರುವುದು ಅವ್ವನ ದವಾಖಾನಿ ಚೀಲ. ಗಂಗಾವತಿಯ ಯಾವುದೋ ಸೀರೆ ಅಂಗಡಿಯವರು ಕೊಟ್ಟ ಹಳದಿ ಚೀಲ. ಅಂಗಡಿಯ ಹೆಸರು ತಿಕ್ಕಿ ತಿಕ್ಕಿ ಅಳಿಸಿದೆ, ಫೋನ್ ನಂಬರಿನ ಮೂರು ಅಂಕಿ ಉಳಿದಿವೆ. ಅದರೊಳಗೆ ಬಂದ ಸೀರೆ ಹರಿದು ಕೌದಿಯೊಳಗೆ ಸೇರಿ ಕೌದಿಯೂ ಹರಿಯಿತು. ಚೀಲ ಮಾತ್ರ ಗಟ್ಟಿಮುಟ್ಟಾಗಿದೆ.

ಒಮ್ಮೆ ದೀಪಾವಳಿಗೆ ಮನೆ ಸಾರಿಸಿ ಬಳಿಯುವಾಗ ನಾನು ಆ ಚೀಲವನ್ನು ತೆಗೆದು ಅಂಗಳದಲ್ಲಿಟ್ಟೆ. ಅವ್ವ ಒಳಗಿನಿಂದಲೇ ಕೂಗಿದಳು: ‘ಯಪ್ಪಾ, ಅದನ್ನ ಹೊರಾಗ ಇಡಬ್ಯಾಡೋ, ಅದರಾಗ ನನ್ನ ಜಡ್ಡು ಅದಾವು!’

ಜಡ್ಡು ಮೈಯಲ್ಲಿರುತ್ತದೆ ಎಂದು ನಾನು ತಿಳಿದಿದ್ದೆ. ಅವ್ವನ ಪ್ರಕಾರ ಅದು ಚೀಲದಲ್ಲಿರುತ್ತದೆ, ಮೈಗೆ ಆಗಾಗ ಬಂದು ಹೋಗುತ್ತದೆ. ಅವಳ ಮಾತು ತೀರ ಸುಳ್ಳೂ ಅಲ್ಲ. ಕುಷ್ಟಗಿಗೆ ಹೋಗಲಿ, ಕೊಪ್ಪಳಕ್ಕೆ ಹೋಗಲಿ, ಗಂಗಾವತಿಯ ದೊಡ್ಡ ಡಾಕ್ಟರ ಹತ್ತಿರ ಹೋಗಲಿ, ಅವ್ವನಿಗಿಂತ ಮೊದಲು ಡಾಕ್ಟರ ಮೇಜು ಮುಟ್ಟುವುದು ಆ ಚೀಲ. ಡಾಕ್ಟರು ಮೇಲಿನ ಎರಡು ಮೂರು ಚೀಟಿ ಬಿಡಿಸಿ ನೋಡುತ್ತಾರೆ, ‘ಹೂಂ’ ಅನ್ನುತ್ತಾರೆ, ಮಡಚಿ ಒಳಗೆ ತುರುಕಿ ಹೊಸ ಚೀಟಿ ಬರೆಯುತ್ತಾರೆ. ಕೆಳಗಿನ ಇಪ್ಪತ್ತು ವರ್ಷ ಹಾಗೇ ಮಡಚಿಕೊಂಡು ಕುಳಿತಿರುತ್ತವೆ.

ಆ ದೀಪಾವಳಿಯಂದು ನಾನು ಬಳಿಯುವ ಕೆಲಸ ಬಿಟ್ಟು ಚೀಲವನ್ನು ಕಟ್ಟೆಯ ಮೇಲೆ ಸುರುವಿಕೊಂಡು ಕುಳಿತೆ. ಒಂದು ಇಸಿಜಿ ಇತ್ತು, ಅಂದರೆ ಒಂದು ಕಾಲಕ್ಕೆ ಇಸಿಜಿ ಆಗಿದ್ದ ಬಿಳಿ ಕಾಗದವಿತ್ತು. ಆ ನುಣುಪು ಕಾಗದದ ಮೇಲಿನ ಗೆರೆ ವರ್ಷ ಕಳೆದಂತೆ ತಾನಾಗಿ ಮಾಯವಾಗುತ್ತದೆ. ಅವ್ವನ ಹೃದಯ ಅಂದು ಹೇಗೆ ಬಡಿಯಿತೋ ದೇವರೇ ಬಲ್ಲ. ಎಂಟು ಹತ್ತು ಸಕ್ಕರೆ ರಿಪೋರ್ಟು, ಮೊಣಕಾಲಿನ ಒಂದು ಎಕ್ಸರೇ, ಲೆಕ್ಕವಿಲ್ಲದಷ್ಟು ಔಷಧ ಚೀಟಿ. ಹೆಸರಿನ ಕೊನೆಗೆ ಒಂದರಲ್ಲಿ ‘ಅಮ್ಮ’, ಇನ್ನೊಂದರಲ್ಲಿ ‘ಅವ್ವ’, ಮತ್ತೊಂದರಲ್ಲಿ ಹೇಗೋ ‘ಬಾಯಿ’. ವಯಸ್ಸಂತೂ ಡಾಕ್ಟರರ ಕಣ್ಣಳತೆ. 2009ರಲ್ಲಿ ಅವ್ವನಿಗೆ 60, 2014ರಲ್ಲಿ 58, 2019ರಲ್ಲಿ 65. ನಡುವೆ ಅವಳು ಎರಡು ವರ್ಷ ಕಿರಿಯಳಾಗಿದ್ದು ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ. ಎಲ್ಲಕ್ಕಿಂತ ಕೆಳಗೆ ಐದು ತಿಂಗಳ ಗರ್ಭಿಣಿಯೊಬ್ಬಳ ಸ್ಕ್ಯಾನಿಂಗ್ ರಿಪೋರ್ಟು ಸಿಕ್ಕಿತು. ಓಣಿಯ ಯಾವ ಸೊಸೆಯದೋ, ಟಂಟಂ ಗಾಡಿಯಲ್ಲಿ ಒಟ್ಟಿಗೆ ಹೋದಾಗ ಅದಲುಬದಲಾಗಿದೆ. ಈ ಚೀಲವನ್ನೇ ನಂಬಿ ಯಾರಾದರೂ ಸಂಶೋಧನೆ ಮಾಡಿದರೆ ಯಲಬುರ್ಗಾ ತಾಲ್ಲೂಕು ವೈದ್ಯಲೋಕದಲ್ಲಿ ಹೆಸರಾಗುವುದು ಖಂಡಿತ.

ಎಕ್ಸರೇ ಅಂದಾಗ ನೆನಪಾಯಿತು. 1980ರ ಫೆಬ್ರವರಿ 16ರಂದು ನಮ್ಮ ಸೀಮೆಯ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಯಿತು. ಊರೆಲ್ಲ ಬಾಗಿಲು ಹಾಕಿಕೊಂಡು, ನೀರಿಗೆ ದರ್ಭೆ ಹಾಕಿ ಕುಳಿತಿದ್ದಾಗ ನಮ್ಮಣ್ಣ ಅಪ್ಪನ ಎದೆಯ ಎಕ್ಸರೇ ಹಿಡಿದು ಮಾಳಿಗೆ ಏರಿದ. ಅಪ್ಪನ ಪಕ್ಕೆಲುಬುಗಳ ನಡುವೆ ಸೂರ್ಯ ಕರಗುವುದನ್ನು ಅವನು ನೋಡಿದ. (ಎಕ್ಸರೇ ಹಿಡಿದು ಸೂರ್ಯನನ್ನು ನೋಡಬಾರದು, ಕಣ್ಣಿಗೆ ಕೇಡು. ಅವನಿಗೆ ಏನೂ ಆಗಲಿಲ್ಲ ಎಂಬುದು ಅವನ ಪುಣ್ಯ.) ನಮ್ಮ ಮನೆಯ ವೈದ್ಯಕೀಯ ದಾಖಲೆಯೊಂದು ವಿಜ್ಞಾನಕ್ಕೆ ನೆರವಾದದ್ದು ನನಗೆ ಗೊತ್ತಿರುವಂತೆ ಅದೊಂದೇ ಸಲ.

ಚೀಟಿಗಳನ್ನು ವರ್ಷವಾರು ಜೋಡಿಸುತ್ತ ಹೋದಂತೆ ಟ್ರಂಕಿನಲ್ಲಿದ್ದ ಹೊಲದ ಪಹಣಿ ನೆನಪಾಗಿ ಹೊಟ್ಟೆಕಿಚ್ಚಾಯಿತು. ‘ಭೂಮಿ’ ಯೋಜನೆ ಬಂದಮೇಲೆ ಕರ್ನಾಟಕದ ಪಹಣಿಯೆಲ್ಲ ಕಂಪ್ಯೂಟರಿನಲ್ಲಿದೆ. ಎಲ್ಲಿ ಕುಳಿತು ಕೇಳಿದರೂ ನಮ್ಮ ನಾಲ್ಕೆಕರೆಯ ಜಾತಕ ಬರುತ್ತದೆ: ಸರ್ವೆ ನಂಬರು, ಮಣ್ಣು ಎಂಥದು, ನೀರು ಎಲ್ಲಿಂದ, ಬೆಳೆ ಏನು, ಸೊಸೈಟಿ ಸಾಲ ಎಷ್ಟು. ಹೊಲಕ್ಕೆ ಯಾವ ನೀರು ಎಂಬುದು ಸರಕಾರಕ್ಕೆ ಗೊತ್ತು. ಹೊಲದೊಡತಿ ಯಾವ ನೀರು ಕುಡಿದಳು ಎಂಬುದು ಈ ಚೀಲದ ಒಂದು ಚೀಟಿಯಲ್ಲೂ ಇಲ್ಲ.

ನೀರಿನ ಮಾತು ಸುಮ್ಮನೆ ತೆಗೆದದ್ದಲ್ಲ. ನಮ್ಮ ಕಡೆಯ ಡಾಕ್ಟರು ರೋಗಿ ಕುರ್ಚಿಯಲ್ಲಿ ಕುಳಿತ ಕೂಡಲೇ ‘ಏನಾಗೇತಿ?’ ಅನ್ನುವುದಿಲ್ಲ. ‘ಯಾವೂರವ್ವಾ?’ ಅನ್ನುತ್ತಾರೆ. ಅವ್ವ ಊರ ಹೆಸರು ಹೇಳುತ್ತಾಳೆ. ‘ಅಲ್ಲಿ ಗೌಡ್ರು ನಮಗ ಗುರ್ತು’ ಅಂತ ಡಾಕ್ಟರು, ‘ಅವ್ರು ತೀರಿಕೊಂಡ್ರಲ್ರೀ’ ಅಂತ ಅವ್ವ, ‘ಹೌದಾ? ಯಾವಾಗ?’ ಅಂತ ಡಾಕ್ಟರು. ಮಾತು ಗೌಡರ ತಿಥಿಯವರೆಗೆ ಹೋಗಿ ಮರಳಿ ಮೊಣಕಾಲಿಗೆ ಬರುತ್ತದೆ. ಕಾಯುತ್ತ ಕುಳಿತವರಿಗೆ ಇದು ಹರಟೆ. ಆದರೆ ರೋಗದ ಬೆನ್ನು ಹತ್ತುವವನಿಗೆ ಕೊಪ್ಪಳ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಗಂಗಾವತಿ ಅಂದರೆ ತುಂಗಭದ್ರೆಯ ಎಡದಂಡೆ ಕಾಲುವೆ, ಭತ್ತ, ಸೊಳ್ಳೆ. ಯಲಬುರ್ಗಾ, ಕುಷ್ಟಗಿ ಅಂದರೆ ಜೋಳ, ಸಜ್ಜೆ, ಬೋರು. ಗ್ರಾನೈಟು ಬಂಡೆಯೊಳಗೆ ವರ್ಷಾನುಗಟ್ಟಲೆ ನಿಂತ ನೀರು ಬಂಡೆಯಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆದೀತು ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ನಮ್ಮ ಬೋರುಗಳು ಮಾನಕ ಓದಿದವಲ್ಲ.

ಫ್ಲೋರೈಡು ಮೊದಲು ಹಲ್ಲಿಗೆ ಬರುತ್ತದೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳೆವಯಸ್ಸಿನಲ್ಲಿ ಅಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡಿದರೆ ಜನ್ಮಪೂರ್ತಿ ಹೋಗುವುದಿಲ್ಲ. ನಮ್ಮ ಬಳಗದಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕರೆ ನಾಚಿಕೆ ಎಂದು ಹೊರಗಿನವರು ಮೆಚ್ಚುತ್ತಾರೆ. ಊರವರಿಗೆ ಗೊತ್ತು, ಅದು ಬೋರಿನ ನೀರು. ವರ್ಷ ಹೋದಂತೆ ಅದೇ ನೀರು ಎಲುಬಿಗೆ, ಕೀಲಿಗೆ ಇಳಿಯುತ್ತದೆ. ಕುತ್ತಿಗೆ ಹೊರಳುವುದಿಲ್ಲ, ಬೆನ್ನು ಬಾಗುವುದಿಲ್ಲ. ಮದರಾಸು ಪ್ರಾಂತ್ಯದಲ್ಲಿ ಜನ ಹೀಗೆ ಮರಗಟ್ಟುವುದಕ್ಕೆ ಫ್ಲೋರೈಡೇ ಕಾರಣ ಎಂದು ಶಾರ್ಟ್ ಮತ್ತು ಅವರ ಜೊತೆಗಾರರು 1937ರಲ್ಲೇ ಬರೆದರು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ನಲ್ಗೊಂಡದ ಕಡೆ ಎಳೆಯರ ಮೊಣಕಾಲು ಒಳಗೆ ಬಾಗಿ ಒಂದಕ್ಕೊಂದು ತಾಗುವುದನ್ನು ಕಂಡು, ಜೋಳದ ಊಟಕ್ಕೂ ಮೈಯಲ್ಲಿ ಉಳಿಯುವ ಫ್ಲೋರೈಡಿಗೂ ನಂಟುಂಟೇ ಎಂದು ಹುಡುಕಿದರು. ನಾವೂ ಜೋಳ ತಿನ್ನುವವರು, ನಮ್ಮದೂ ಬಂಡೆಯ ನೀರು. ಅವ್ವನ ಚೀಟಿಗಳಲ್ಲಿ ಮಾತ್ರ ಇಪ್ಪತ್ತು ವರ್ಷ ಒಂದೇ ಪಲ್ಲವಿ: ಮೈಕೈ ನೋವು, ಸೂಜಿ ಒಂದು, ಗುಳಿಗೆ ಐದು ದಿನ.

ಅವ್ವನ ಮೊಣಕಾಲಿಗೆ ಫ್ಲೋರೈಡೇ ಕಾರಣ ಎಂದು ನಾನು ಹೇಳುತ್ತಿಲ್ಲ. ಎಪ್ಪತ್ತು ದಾಟಿದ, ಹತ್ತು ಸಾವಿರ ಸಲ ಕಳೆ ಕಿತ್ತ ಮೊಣಕಾಲು ಯಾವ ನೀರು ಕುಡಿದರೂ ನೋಯುತ್ತದೆ. ಒಬ್ಬಳ ಚೀಲದಿಂದ ಏನೂ ತಿಳಿಯುವುದಿಲ್ಲ. ಯಲಬುರ್ಗಾದ ಹತ್ತು ಸಾವಿರ ಅವ್ವಂದಿರ ಚೀಲ ಒಂದು ಕಡೆ, ಕಾಲುವೆ ನೀರು ಕುಡಿದ ಗಂಗಾವತಿಯ ಹತ್ತು ಸಾವಿರ ಅವ್ವಂದಿರ ಚೀಲ ಒಂದು ಕಡೆ ಸುರುವಿ, ವಯಸ್ಸಿಗೆ ವಯಸ್ಸು ಹೊಂದಿಸಿ ನೋಡಿದರೆ ತಿಳಿಯುತ್ತದೆ. ಆಗ ‘ಮೈಕೈ ನೋವು’ ಎಂಬ ಎರಡು ಶಬ್ದಕ್ಕೂ ಬಾಯಿ ಬರುತ್ತದೆ. ಆದರೆ ಅದಕ್ಕೆ ಚೀಟಿಯ ಮೇಲೆ ಊರಿನ ಹೆಸರಿರಬೇಕು. ಡಾಕ್ಟರು ಕೇಳಿದರು, ಅವ್ವ ಹೇಳಿದಳು, ಗೌಡರ ತಿಥಿಯೂ ಆಯಿತು. ಚೀಟಿಯಲ್ಲಿ ಹೆಸರು, ವಯಸ್ಸು, ತಾರೀಖು ಇವೆ. ಊರು ಮಾತಿನಲ್ಲೇ ಹೋಯಿತು.

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಆಯ್ಸ್‌ಗಾರ್ತ್ ಎಂಬ ಹಳ್ಳಿಯಲ್ಲಿ ವಿಲಿಯಂ ಪಿಕಲ್ಸ್ ಎಂಬ ಡಾಕ್ಟರಿದ್ದ. ನಮ್ಮ ಹೋಬಳಿ ಡಾಕ್ಟರರಂತೆ ಊರೂರು ತಿರುಗಿ ಜ್ವರ ನೆಗಡಿ ನೋಡುತ್ತಿದ್ದವನು. ಒಂದು ಸಂಜೆ ಗುಡ್ಡದ ಮೇಲೆ ನಿಂತು ಕೆಳಗಿನ ಊರಿನ ಮನೆಗಳಿಂದ ಹೊಗೆ ಏಳುವುದನ್ನು ನೋಡುತ್ತಿದ್ದಾಗ, ಈ ಎಲ್ಲರ ಹೆಸರು ನನಗೆ ಗೊತ್ತಲ್ಲ ಎಂದು ಅವನಿಗೆ ಹೊಳೆಯಿತಂತೆ. ಹೆಸರು ಗೊತ್ತಿರುವುದೇನು ದೊಡ್ಡದು, ನಮ್ಮ ಊರ ತಳವಾರನಿಗೂ ಗೊತ್ತಿರುತ್ತದೆ. ಇವನು ಬರೆದಿಟ್ಟ. ಯಾರಿಗೆ, ಯಾವ ಊರಲ್ಲಿ, ಯಾವ ದಿನ ಏನು ಬಂತು, ಅದಕ್ಕೆ ಮೊದಲು ಅವರು ಯಾರನ್ನು ಕಂಡಿದ್ದರು ಎಂದು ದಿನವೂ ಬರೆದ. ಅಲ್ಲಿ ಕಾಮಾಲೆ ಹಬ್ಬಿದಾಗ ಒಬ್ಬ ಹುಡುಗಿಯನ್ನು ಬೆಳಿಗ್ಗೆ ಹಾಸಿಗೆಯಲ್ಲಿ ನೋಡಿ ಬಂದಿದ್ದ. ಅವಳು ಮಧ್ಯಾಹ್ನ ಎದ್ದು ಊರ ಹಬ್ಬಕ್ಕೆ ಹೋಗಿಬಿಟ್ಟಳು. ಹೆಚ್ಚುಕಡಿಮೆ ತಿಂಗಳಾದ ಮೇಲೆ ಅಂದು ಅವಳ ಜೊತೆಗಿದ್ದವರು ಒಬ್ಬೊಬ್ಬರಾಗಿ ಹಳದಿಯಾದರು. ಪುಸ್ತಕ ತೆಗೆದು ದಿನ ಎಣಿಸಿದ. ಮೈ ಹೊಕ್ಕ ಕಾಮಾಲೆ ಹೊರಗೆ ಕಾಣಲು ಎಷ್ಟು ದಿನ ಬೇಕು ಎಂಬುದು ದೊಡ್ಡ ದೊಡ್ಡ ಪ್ರಯೋಗಾಲಯದವರಿಗೆ ಸಿಗದಿದ್ದದ್ದು ಅವನಿಗೆ ಸಿಕ್ಕಿತು. 1939ರಲ್ಲಿ ಅದೆಲ್ಲ ಪುಸ್ತಕವಾಗಿ ಬಂತು. ಆ ಹುಡುಗಿಯನ್ನು ನಾನು ಬೈಯುವುದಿಲ್ಲ. ಗವಿಮಠದ ಜಾತ್ರೆಯ ದಿನ ಕಾಮಾಲೆಯಾಗಿದೆ ಎಂದು ಮನೆಯಲ್ಲಿ ಮಲಗುವವರನ್ನು ಕೊಪ್ಪಳದಲ್ಲಿ ನಾನಿನ್ನೂ ಕಂಡಿಲ್ಲ.

ಅಲ್ಲಿಯವರಿಗೆ ಒಂದು ಅನುಕೂಲವಿದೆ. ಆ ದೇಶದಲ್ಲಿ ಪ್ರತಿಯೊಬ್ಬರೂ ಒಬ್ಬ ಊರ ಡಾಕ್ಟರರಲ್ಲಿ ಹೆಸರು ಹಚ್ಚಿಸಿರುತ್ತಾರೆ, ಮನೆ ಬದಲಿಸಿದರೆ ದಾಖಲೆಯೂ ಬೆನ್ನಹಿಂದೆ ಹೋಗುತ್ತದೆ. ನಮ್ಮಲ್ಲಿ ಡಾಕ್ಟರನ್ನು ಆರಿಸುವುದು ಕೈಗುಣ ನೋಡಿ. ‘ಅವ್ರ ಕೈಗುಣ ಚಲೋ ಐತಿ’ ಎಂದರೆ ಇಡೀ ಓಣಿ ಆ ಕಡೆ. ಮೂರು ಸೂಜಿಗೆ ಜ್ವರ ಇಳಿಯದಿದ್ದರೆ ಕೈಗುಣ ಹೋಯಿತು, ಓಣಿ ಬೇರೆ ಕಡೆ. ಹೀಗಾಗಿ ಅವ್ವನ ಒಂದು ಜಡ್ಡಿನ ಕಥೆ ಎಂಟು ದವಾಖಾನೆಗಳಲ್ಲಿ ಹರಿದು ಹಂಚಿಹೋಗಿದೆ, ಅದನ್ನು ಹೊಲಿದಿಟ್ಟದ್ದು ಆ ಹಳದಿ ಚೀಲ ಒಂದೇ. ನಮ್ಮ ಕಾನೂನೂ ಈ ವಿಷಯದಲ್ಲಿ ಉದಾರಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಮೂರು ವರ್ಷ ದಾಖಲೆ ಇಡಿ ಎಂದದ್ದು ಒಳರೋಗಿಗಳದ್ದು. ಬಂದು, ಸೂಜಿ ಮಾಡಿಸಿಕೊಂಡು, ಬಸ್ಸು ಹಿಡಿಯುವ ನಮ್ಮಂಥವರ ಮಾತು ಅದರಲ್ಲಿಲ್ಲ.

ಹಾಗೆಂದು ನಮ್ಮ ದವಾಖಾನೆಗಳಲ್ಲಿ ಬರವಣಿಗೆಯೇ ಇರಲಿಲ್ಲ ಅನ್ನುವಂತಿಲ್ಲ. ನಮ್ಮ ಕಾಕಾ ಗಂಗಾವತಿಯಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದ. ಅವನ ಕೈಯಲ್ಲಿ ಒಂದು ಉದ್ದನೆಯ ಕೆಂಪು ವಹಿ ಇರುತ್ತಿತ್ತು. ಅದು ರೋಗಿಗಳ ದಾಖಲೆ ಪುಸ್ತಕವಲ್ಲ, ಉದ್ರಿ ಪುಸ್ತಕ. ಸುಗ್ಗಿಗೆ ಕೊಡುತ್ತೇವೆ ಎಂದು ಸೂಜಿ ಮಾಡಿಸಿಕೊಂಡು ಹೋದವರ ಲೆಕ್ಕ. ತಾರೀಖು, ಹೆಸರು, ಅಪ್ಪನ ಹೆಸರು, ಊರು ಅಥವಾ ಕ್ಯಾಂಪು, ಜಡ್ಡು ಏನು, ಸೂಜಿ ಎಷ್ಟು, ಸಲಾಯನ್ ಎಷ್ಟು, ಬಾಕಿ ಎಷ್ಟು. ಒಂದಕ್ಷರ ಬಿಡುತ್ತಿರಲಿಲ್ಲ, ಬಿಟ್ಟರೆ ರೊಕ್ಕ ಹೋಗುತ್ತಿತ್ತಲ್ಲ. ಕಾಲುವೆ ಬಂದಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಆ ಕಡೆ ಬಹಳ. ಯಾವ ಕ್ಯಾಂಪಿನಲ್ಲಿ ಯಾವ ತಿಂಗಳು ಚಳಿಜ್ವರ ಎದ್ದಿತು ಎಂದು ಕಾಕಾನ ವಹಿಯಲ್ಲಿ ಬೆರಳಿಟ್ಟು ತೋರಿಸಬಹುದಿತ್ತು. ನಾಟಿಯ ದಿನಗಳಲ್ಲಿ ಹೆಂಗಸರ ಕಾಲಿನ ಹುಣ್ಣು. ಎಣ್ಣೆ ಹೊಡೆಯುವ ದಿನಗಳಲ್ಲಿ ‘ತಲಿ ತಿರುಗು, ವಾಂತಿ’. (ನಮ್ಮ ಕಡೆ ಎಣ್ಣೆ ಅಂದರೆ ಕುಸುಬಿಯದಲ್ಲ, ಭತ್ತಕ್ಕೆ ಹೊಡೆಯುವ ಕೀಟನಾಶಕ.)

2006ರ ಪುಟಗಳಿಗೆ ಬಂದರೆ ವಹಿ ಉಬ್ಬಿಕೊಂಡಿತ್ತು. ಅದು ಚಿಕುನ್‌ಗುನ್ಯಾ ವರ್ಷ. ಕರ್ನಾಟಕದಲ್ಲಿ ಆ ಒಂದೇ ವರ್ಷ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ಲೆಕ್ಕಕ್ಕೆ ಸಿಕ್ಕವು. ಕೀಲು ಹಿಡಿದು ಜನ ಕೋಲೂರಿ ನಡೆಯುವ ಹೊತ್ತಿನಲ್ಲೇ ಹಕ್ಕಿಜ್ವರದ ಸುದ್ದಿಯೂ ಬಂದು, ಹೆಸರಿನಲ್ಲಿ ‘ಚಿಕನ್’ ಇದೆಯೆಂದು ಕೋಳಿ ಬಿಟ್ಟವರೆಷ್ಟೋ. ಕಾಕಾ ಅದನ್ನು ‘ಚಿಕನಗುಣಿ’ ಎಂದು ಬರೆದಿದ್ದ. ಪುಟದ ಮೇಲಿಂದ ಕೆಳಗಿನವರೆಗೆ ಚಿಕನಗುಣಿ, ಅದರ ಮುಂದೆ ಬಾಕಿ, ಬಾಕಿ, ಬಾಕಿ.

‘ಕಾಕಾ, ಇದನ್ನ ಯಾರಿಗಾದ್ರೂ ತೋರ್ಸಬೇಕಿತ್ತು’ ಅಂದೆ.

‘ಯಾರಿಗೆ? ಇದು ಉದ್ರಿ ಐತೋ ತಮ್ಮಾ. ಕೊಡದವ್ರ ಮಾನ ಇದರಾಗೈತಿ’ ಅಂದ.

ಅವನ ಮಾತಿನ ತೂಕ ನನಗೆ ತಡವಾಗಿ ತಿಳಿಯಿತು. ಇನ್ನೊಂದು ಸಂಗತಿ ಹೊಳೆದದ್ದು ಇನ್ನೂ ತಡವಾಗಿ. ಆ ವಹಿಯಲ್ಲಿ ರೊಕ್ಕ ಕೊಟ್ಟು ಹೋದವನ ಸುಳಿವೇ ಇಲ್ಲ. ಹತ್ತಿಪ್ಪತ್ತೆಕರೆಯ ಸಾಹುಕಾರನಿಗೆ ಜ್ವರವೇ ಬರಲಿಲ್ಲವೆಂದು ಅದನ್ನೋದಿದವನು ತಿಳಿಯಬೇಕು. ಯಾವ ದಾಖಲೆಯೇ ಆಗಲಿ, ಯಾತಕ್ಕಾಗಿ ಬರೆದದ್ದೋ ಅದನ್ನಷ್ಟೇ ಹೇಳುತ್ತದೆ, ಉಳಿದದ್ದನ್ನು ನಾವು ಬಗ್ಗಿ ನೋಡಬೇಕು. ಕಾಕಾ ತೀರಿಕೊಂಡಮೇಲೆ ಹುಡುಗರು ಆ ವಹಿಗಳನ್ನು ಕಿಲೋ ಲೆಕ್ಕದಲ್ಲಿ ರದ್ದಿಗೆ ಹಾಕಿದರು. ಬಾಕಿ ಇದ್ದವರಲ್ಲಿ ಅರ್ಧ ಜನ ಅಷ್ಟರಲ್ಲಿ ಅವನಿಗಿಂತ ಮೊದಲೇ ಹೋಗಿದ್ದರು.

ಬರೆದಿಡುವ ಚಟ ನಮ್ಮ ಕೊಪ್ಪಳಕ್ಕೆ ಹಳೆಯದು. ಗವಿಮಠದ ಬಂಡೆಯ ಮೇಲೆ ಅಶೋಕ ಬರೆಸಿದ. ಆಮೇಲೆ ಇದು ಜೈನರ ದೊಡ್ಡ ತೀರ್ಥವಾಗಿ ಕೊಪಣವೆನಿಸಿತು. ಇಲ್ಲಿ ಬಂದು ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿದರು, ಯಾರ ಶಿಷ್ಯರು, ಯಾರು ನಿಲ್ಲಿಸಿದ ನಿಷಿಧಿ ಎಂಬುದರ ಸಮೇತ. ಸಾವಿರ ವರ್ಷದ ಹಿಂದೆ ಕೊಪ್ಪಳದ ಗುಡ್ಡದಲ್ಲಿ ದೇಹ ಬಿಟ್ಟವರ ಹೆಸರನ್ನು ಇಂದೂ ಓದಬಹುದು. ಹತ್ತು ವರ್ಷದ ಹಿಂದೆ ಕೊಪ್ಪಳದ ಪೇಟೆಯಲ್ಲಿ ಅವ್ವನ ಹೃದಯ ಬಡಿದದ್ದು ಬಿಳಿ ಕಾಗದ.

ಚೀಲವೇ ಇಲ್ಲದವರ ಮಾತು ಬೇರೆ. ಅವ್ವನ ವಾರಿಗೆಯ ನೆರೆಮನೆಯವಳಿಗೂ ಇದೇ ಮೊಣಕಾಲು, ಇದೇ ಬೋರು. ಅವಳ ಗೂಟಕ್ಕೆ ಏನೂ ತೂಗುವುದಿಲ್ಲ. ಕೂಲಿ ಬಿಟ್ಟು ಕುಷ್ಟಗಿಗೆ ಹೋಗಿಬರುವ ದಿನ ಅವಳ ಬದುಕಿನಲ್ಲಿ ಬರಲಿಲ್ಲ. ಬೆಂಗಳೂರಿನ ಐಐಎಂನಲ್ಲಿದ್ದ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಮತ್ತು ಅವರ ತಂಡದವರು ಇದೇ ಕೊಪ್ಪಳ ಜಿಲ್ಲೆಯ ಹಳ್ಳಿಗಳಿಗೆ ಬಂದು ಮನೆಮನೆ ತಿರುಗಿ ಕೇಳಿದ್ದು ಇಂಥವರ ಸಲುವಾಗಿಯೇ. ದೀರ್ಘ ಕಾಯಿಲೆಗೆ ಔಷಧ ಮಾಡುತ್ತಲೇ ಇರುವವರು ಯಾರು, ಶುರುಮಾಡಿ ನಡುವೆ ಬಿಟ್ಟವರು ಯಾರು, ಒಮ್ಮೆಯೂ ದವಾಖಾನೆ ಮೆಟ್ಟಿಲು ತುಳಿಯದವರು ಯಾರು ಎಂದು ಅವರು ಬೇರೆಬೇರೆ ಮಾಡಿ ನೋಡಿದರು. ಬಡತನ ಒಂದು, ಹೆಣ್ಣುತನ ಒಂದು, ಎರಡೂ ಕೂಡಿದಾಗ ಏನಾಗುತ್ತದೆ ಎಂಬುದನ್ನು 2007ರ ಹೊತ್ತಿಗೆ ಬರೆದು ಪ್ರಕಟಿಸಿದರು. ಬಸುರಿ ಬಾಣಂತಿಯರು ಇಲ್ಲಿ ಹೇಗೆ ಸಾಯುತ್ತಾರೆ ಎಂಬುದನ್ನೂ ಬರೆದರು. ದವಾಖಾನೆಯ ರಿಜಿಸ್ಟರ್ ಎಷ್ಟೇ ಅಚ್ಚುಕಟ್ಟಾಗಿರಲಿ, ಬಾರದವಳ ಹೆಸರು ಅದರಲ್ಲಿ ಇರುವುದಿಲ್ಲ. ಕಂಪ್ಯೂಟರ್ ಬಂದ ಮಾತ್ರಕ್ಕೆ ಅವಳು ಬಂದುಬಿಡುವುದಿಲ್ಲ.

ಕಂಪ್ಯೂಟರಂತೂ ಬಂದಿದೆ. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂತು, ಎಲ್ಲರಿಗೂ 14 ಅಂಕಿಯ ಆಭಾ ನಂಬರು. ಕಳೆದ ವರ್ಷ ಅವ್ವನನ್ನು ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೀಟಿ ಮಾಡಿಸುವ ಕಿಂಡಿಯಲ್ಲಿ ಕುಳಿತ ಹುಡುಗ ‘ಅಜ್ಜೀ, ಓಟಿಪಿ ಹೇಳ್ರಿ’ ಅಂದ. ಅವ್ವನ ಆಧಾರಿಗೆ ಕಟ್ಟಿದ ನಂಬರು ನನ್ನ ಮಗನದು, ಅವನು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿದ್ದ. ನಾಲ್ಕು ಸಲ ಫೋನು ಮಾಡಿ, ಬಂದ ಓಟಿಪಿ ಹಳತಾಗಿ, ಮತ್ತೆ ತರಿಸಿ, ಹಿಂದೆ ನಿಂತವರ ಬೈಗುಳ ತಿಂದು, ಕೊನೆಗೆ ಆರು ಅಂಕಿ ಹೇಳಿದೆವು. ‘ಆತ್ರಿ’ ಅಂದ.

‘ಏನಾತಪಾ?’ ಅಂದಳು ಅವ್ವ.

‘ನಿಮ್ಮ ಒಪ್ಪಿಗಿ ಆತಜ್ಜಿ.’

ಯಾತಕ್ಕೆ ಒಪ್ಪಿಗೆ ಎಂದು ಅವ್ವ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹಿಂದೆ ಸರದಿ ಬೆಳೆದಿತ್ತು. ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಕ್ಕೊರಲಿನಿಂದ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ. ನಮ್ಮವರೇ ಗೆದ್ದುಕೊಟ್ಟ ಹಕ್ಕನ್ನು ಸರದಿಯಲ್ಲಿ ನಿಂತು ಬಿಟ್ಟುಕೊಟ್ಟ ನಾಚಿಕೆ ನನಗಿದೆ.

ಹಳ್ಳಿಯಲ್ಲಿ ಗುಟ್ಟೆಲ್ಲಿದೆ ಎಂದು ನೀವು ಕೇಳಬಹುದು. ನಿಜ, ‘ಸಕ್ರಿ ಎಷ್ಟು ಬಂತು?’ ಎಂದು ಕಟ್ಟೆಯ ಮೇಲೆ ಕೂಗಿ ಕೇಳುತ್ತಾರೆ. ‘ಮುನ್ನೂರು’ ಅಂದವನು ‘ಇನ್ನೂರು’ ಅಂದವನ ಮುಂದೆ ಹೆಮ್ಮೆಪಡುತ್ತಾನೆ. ಸಕ್ಕರೆ, ಬಿಪಿ, ಮೊಣಕಾಲು ಊರ ಆಸ್ತಿ. ಆದರೆ ಕ್ಷಯದ ಗುಳಿಗೆ ಊರ ಆಸ್ತಿಯಲ್ಲ. ಗರ್ಭಕೋಶದ ಮಾತಲ್ಲ, ಮನಸ್ಸಿನ ಮಾತಂತೂ ಅಲ್ಲವೇ ಅಲ್ಲ. ನಮ್ಮ ಸಂಬಂಧಿಕಳೊಬ್ಬಳು ಕುಷ್ಟಗಿಯಲ್ಲಿ ಬರೆಸಿದ ಚೀಟಿಗೆ ಇಳಕಲ್ಲಿಗೆ ಹೋಗಿ ಔಷಧ ಕೊಳ್ಳುತ್ತಿದ್ದಳು, ಸೀರೆ ಕೊಳ್ಳುವ ನೆಪದಲ್ಲಿ. ಹೆಸರು ತೆಗೆದು ದಾಖಲೆ ಕೊಡುತ್ತೇವೆ, ಗುರುತು ಸಿಗುವುದಿಲ್ಲ ಎಂದು ಸಂಶೋಧಕರು ಹೇಳುತ್ತಾರೆ. ಬೆಂಗಳೂರಿನಲ್ಲಿ ಸಿಗಲಿಕ್ಕಿಲ್ಲ. ‘ಹೆಣ್ಣು, 34, ಅಂಗನವಾಡಿ ಕೆಲಸ’ ಎಂದು ನಮ್ಮ ಊರ ಹೆಸರಿನ ಮುಂದೆ ಬರೆದರೆ ಹುಣಸೆಮರದ ಕೆಳಗೆ ಕುಳಿತ ಮುದುಕ ಅವಳ ಗಂಡನ ಹೆಸರನ್ನೂ ಹೇಳುತ್ತಾನೆ. ಊರು ಬರೆಯದಿದ್ದರೆ ನೀರಿನ ಸುಳಿವು ಸಿಗುವುದಿಲ್ಲ, ಬರೆದರೆ ಮಾನದ ಪ್ರಶ್ನೆ. ಕಾಕಾ ಹೇಳಿದ ಮಾನ ಇದೇ.

ಈ ಇಕ್ಕಟ್ಟಿಗೆ ದಾರಿ ಇಲ್ಲದೆ ಇಲ್ಲ. ಇಂಗ್ಲೆಂಡಿನವರೇ ಮೊದಲು ಎಡವಿದರು. ಊರ ಡಾಕ್ಟರರ ದಾಖಲೆಯನ್ನೆಲ್ಲ ಒಂದೆಡೆ ಸೇರಿಸುವ ಕೇರ್.ಡೇಟಾ ಎಂಬ ಯೋಜನೆ ಜನರ ನಂಬಿಕೆ ಕಳೆದುಕೊಂಡು 2016ರಲ್ಲಿ ಮುಚ್ಚಿಹೋಯಿತು. ಕೊರೊನಾ ಬಂದ 2020ರಲ್ಲಿ ಓಪನ್‌ಸೇಫ್ಲಿ ಎಂಬ ತಂಡದವರು ಬೇರೆ ಜಾಡು ಹಿಡಿದರು. ದಾಖಲೆ ಇದ್ದಲ್ಲೇ ಇರಲಿ, ನಮ್ಮ ಲೆಕ್ಕವೇ ಅಲ್ಲಿಗೆ ಹೋಗಿ ಉತ್ತರ ಮಾತ್ರ ಹೊತ್ತು ಬರಲಿ ಎಂದರು. 1 ಕೋಟಿ 70 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಹೀಗೆ ನೋಡಿ, ಕೊರೊನಾ ಯಾರನ್ನು ಹೆಚ್ಚು ಕೊಲ್ಲುತ್ತದೆ ಎಂದು ಕೆಲವೇ ವಾರಗಳಲ್ಲಿ ಹೇಳಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚೀಲ ಗೂಟದಲ್ಲೇ ಇರುತ್ತದೆ, ನೋಡುವವರೇ ಮನೆಗೆ ಬರುತ್ತಾರೆ, ಚೀಟಿ ಒಯ್ಯುವುದಿಲ್ಲ. ಇದು ನನಗೆ ಒಪ್ಪಿಗೆ. ಓಟಿಪಿ ಇಲ್ಲದೆಯೇ ಒಪ್ಪಿಗೆ.

ಅವ್ವನ ಒಪ್ಪಿಗೆ ಬೇರೆ. ಆ ದೀಪಾವಳಿಯ ಸಂಜೆ ಚೀಟಿಗಳನ್ನೆಲ್ಲ ವರ್ಷವಾರು ದಾರ ಕಟ್ಟಿ ಚೀಲಕ್ಕೆ ಹಾಕಿದೆ. ಗರ್ಭಿಣಿಯ ರಿಪೋರ್ಟು ಓಣಿಯಲ್ಲಿ ವಿಚಾರಿಸಿ ಕೊಟ್ಟುಬಂದೆ, ಆ ಮಗು ಈಗ ಏಳನೇ ಇಯತ್ತೆ. ಆಮೇಲೆ ಕೇಳಿದೆ: ‘ಯವ್ವಾ, ನಿನ್ನ ಚೀಲ ಯಾರಾದ್ರೂ ನೋಡಿ ಲೆಕ್ಕ ಮಾಡ್ತೀವಿ ಅಂದ್ರ ಕೊಡ್ತೀಯೇನು?’

‘ನೋಡ್ಲಿ ಬಿಡಪ್ಪಾ. ನೋವು ನಂದು, ಲೆಕ್ಕ ಅವರ್ದು’ ಅಂದಳು. ಸ್ವಲ್ಪ ಹೊತ್ತಾದ ಮೇಲೆ ರೊಟ್ಟಿ ತಟ್ಟುತ್ತಲೇ ಹೇಳಿದಳು: ‘ಬರದ್ಕೊಂಡು ಹೋದವ್ರು ಬಾಳ ಮಂದಿ. ತಿರುಗಿ ಬಂದು ಇಂಥಾದ್ದು ಕಂಡಿತವ್ವಾ ಅಂತ ಹೇಳಿದವ್ರು ಯಾರೂ ಇಲ್ಲ. ಹಂಗ ಬಂದು ಹೇಳ್ತೀನಿ ಅಂದ್ರ ಕೊಡು.’

ಊರಿಗೆ ಶುದ್ಧ ನೀರಿನ ಘಟಕ ಬಂದಿದೆ. ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನು. ಅದು ಕೆಟ್ಟ ದಿನ ಮತ್ತೆ ಬೋರು. ಎಷ್ಟು ದಿನ ಕೆಟ್ಟಿತ್ತು ಎಂದು ಯಾರೂ ಬರೆದಿಟ್ಟಿಲ್ಲ, ನಾನು ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೇನೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಡಾಕ್ಟರರಲ್ಲಿ ಒಂದೇ ಒಂದು ಬೇಡಿಕೆ. ‘ಯಾವೂರು’ ಎಂದು ನೀವು ಹೇಗೂ ಕೇಳುತ್ತೀರಿ. ಕೇಳಿದ ಊರನ್ನು ಚೀಟಿಯ ಮೇಲೂ ಬರೆಯಿರಿ. ಕುಡಿಯುವ ನೀರು ಬೋರಿನದೋ ಕಾಲುವೆಯದೋ ಎಂದು ಅದರ ಪಕ್ಕ ಇನ್ನೊಂದು ಅಕ್ಷರ ಹಾಕಿದರೆ ನಿಮ್ಮ ಪೆನ್ನಿನ ಮಸಿ ಏನೂ ತೀರುವುದಿಲ್ಲ.